ಅಮ್ಮನ ಮೈಸೂರು ಸಿಲ್ಕಲ್ಲಿ ಲಂಗ ಬ್ಲೌಸ್, ಮಧ್ಯದಲ್ಲಿ ಸಿಕ್ಕಾಕೊಂಡಿದೀನಿ, ಅನುಭವ ಇರೋರು ಹೇಳಿ

ವಿಜಯನಗರದಿಂದ ಕೇಳಿದ್ದು:
ತಂಗಿ ಮದುವೆಗೆ ಇನ್ನು ಐದು ವಾರ. ಅಮ್ಮ ಈಗಿಲ್ಲ, ಅವ್ರ ಮೈಸೂರು ಸಿಲ್ಕ್ ಸೀರೆಲಿ ನನ್ನ ಮಗಳಿಗೆ (8 ವರ್ಷ) ಲಂಗ ಬ್ಲೌಸ್ ನಾನೇ ಹೊಲಿತೀನಿ ಅಂತ ಎಲ್ಲರ ಮುಂದೆ ಹೇಳಿದೀನಿ. ಅಷ್ಟರಲ್ಲಿ ಅಪ್ಪಂಗೆ ಆಪರೇಷನ್ ಆಯ್ತು, ಆಸ್ಪತ್ರೆ, ಆಫೀಸು, ಮನೆ ಅಂತ ಓಡಾಟ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಕೂತು ತೋಳು ಕಟ್ ಮಾಡಿದೆ, ಎರಡೂ ಎಡಗೈದೇ ಆಗೋಗಿದೆ. ಕೂತಲ್ಲೇ ಅತ್ತುಬಿಟ್ಟೆ. ಲಂಗ ಇನ್ನೂ ಮುಟ್ಟಿಲ್ಲ. ಟೈಲರ್‌ಗೆ ಕೊಟ್ಟುಬಿಡ್ಲಾ?

ಬಸವನಗುಡಿಯಿಂದ:
ಮೊದಲು ಆ ತೋಳು ಎಸೀಬೇಡಿ. ಮೈಸೂರು ಸಿಲ್ಕ್ ಕ್ರೇಪ್ (ಹುರಿ ಹಾಕಿದ ಎಳೆಲಿ ನೇಯ್ದ ರೇಷ್ಮೆ) ಅಲ್ವಾ, ಪ್ಲೇನ್ ಒಡಲಲ್ಲಿ ಕಟ್ ಮಾಡಿದ್ರೆ ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ ಥರ ಕಾಣತ್ತೆ, ಒಂದನ್ನ ಮಗುಚಿ ಇಡಿ, ಅದೇ ಬಲಗೈ. ಬಾರ್ಡರ್ ಸಮೇತ ಕಟ್ ಆಗಿದ್ರೆ ಮಾತ್ರ ಜರಿ ಉಲ್ಟಾ ಅಂತ ಗೊತ್ತಾಗತ್ತೆ, ಆಗ ಆ ತೋಳಿನ ಬಾರ್ಡರ್ ಪಟ್ಟಿ ಮಾತ್ರ ಕತ್ತರಿಸಿ ಸರಿ ಮಾಡಿ ಜೋಡಿಸಿ, ಇನ್ನೊಂದಕ್ಕೂ ಹಾಗೇ ಮಾಡಿ ಜಾಯಿಂಟಲ್ಲಿ ಸಣ್ಣ ಪೈಪಿಂಗ್ (ಮಡಿಚಿ ಹೊಲಿಯೋ ತೆಳು ಅಂಚುಪಟ್ಟಿ) ಕೊಡಿ. ಕಾಲಿಂಚು ಮಾರ್ಜಿನ್ ಇಟ್ರೂ ತೋಳು ಅರ್ಧ ಇಂಚು ಗಿಡ್ಡ ಆಗತ್ತೆ, ಅಷ್ಟೇ.

ನಂಗೆ 2019ರಲ್ಲಿ ಇದೇ ಪಾಡು. ತಮ್ಮನ ಮದುವೆ ಹತ್ರ ಬಂದಿತ್ತು, ಅತ್ತೆ ಆಸ್ಪತ್ರೆಲಿ. ರಾತ್ರಿ ಬಂದು ಮಷಿನ್ ಮುಂದೆ ಕೂತ್ರೆ ಹೊಲಿದಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ, ರೇಷ್ಮೆ ಬೇರೆ, ಬಿಚ್ಚಿದ ಕಡೆ ಸೂಜಿ ತೂತು ಸಾಲಾಗಿ ಹಾಗೇ ಉಳಿಯತ್ತೆ. ಒಂದಿನ ಕೂತು ಯೋಚಿಸಿ ತಲೆ ಬೇಕಾಗೋ ಕೆಲಸ ಬೇರೆ, ಕೈ ಇದ್ರೆ ಸಾಕು ಅನ್ನೋ ಕೆಲಸ ಬೇರೆ ಅಂತ ಮಾಡ್ಕೊಂಡೆ. ಅಳತೆ, ಕಟಿಂಗ್, ತೋಳು ಕೂರಿಸೋದು ಭಾನುವಾರ ಬೆಳಗ್ಗೆ ಮಾತ್ರ, ಮನೆಲಿ ಇನ್ನೂ ಯಾರೂ ಎದ್ದಿರಲ್ಲ. ರಾತ್ರಿ ಕತ್ತರಿ ಮುಟ್ಟಲೇಬಾರದು ಅಂತ ಅದನ್ನ ಬೀರುಲಿ ಇಟ್ಟುಬಿಡ್ತಿದ್ದೆ. ಕಚ್ಚಾ ಹೊಲಿಗೆ, ಹೆಮ್ಮಿಂಗ್, ಹುಕ್ಕು ಇವೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಆಸ್ಪತ್ರೆಗೆ ತಗೊಂಡು ಹೋಗ್ತಿದ್ದೆ. ಅತ್ತೆ ಮಲಗಿದ್ದಲ್ಲಿಂದಲೇ 'ಹುಕ್ಕು ಇನ್ನೊಂಚೂರು ಹತ್ರ ಹಾಕಮ್ಮ' ಅಂತಿದ್ರು, ಅವ್ರಿಗೂ ಬೇರೆ ಏನೋ ಮಾತಾಡಕ್ಕೆ ಸಿಕ್ತಿತ್ತು. ಅದು ನಂಗೆ ಎಷ್ಟು ಆಧಾರ ಆಯ್ತು ಅಂತ ಹೇಳಕ್ಕಾಗಲ್ಲ. ನಿಮ್ಮ ಅಪ್ಪನ ಪಕ್ಕ ಕೂತು ಹೆಮ್ಮಿಂಗ್ ಮಾಡಿ ನೋಡಿ, ಅವ್ರಿಗೆ ಆ ಸೀರೆ ನೆನಪಿರತ್ತೆ.

ಲಂಗ ಸುಲಭ ಮಾಡ್ಕೊಳ್ಳಿ, ಕಲಿ ಗಿಲಿ ಅಂತ ತುಂಡು ತುಂಡು ಕತ್ತರಿಸಿ ಜೋಡಿಸೋದು ಬೇಡ. ಮೂರು ಮೀಟರ್ ಉದ್ದ ತಗೊಂಡು ನೆರಿಗೆ ಹಿಡಿದ್ರೆ ಆಯ್ತು, ಬಾರ್ಡರ್ ಅಂಚು ಕೆಳಗೇ ಬರತ್ತೆ, ಹೆಮ್ಮಿಂಗೂ ಬೇಡ. ಸೀರೆ ಅಗಲ ಮಗು ಲಂಗದ ಉದ್ದಕ್ಕಿಂತ ಜಾಸ್ತಿ ಇರತ್ತಲ್ಲ, ಅದನ್ನ ಕತ್ತರಿಸೋ ಬದಲು ಒಳಗೆ ಮಡಿಕೆ ಹಿಡೀರಿ, ಮುಂದಿನ ವರ್ಷ ಬಿಚ್ಚಿ ಉದ್ದ ಬಿಡಬಹುದು. ಕತ್ತರಿ ಹಾಕೋ ಮುಂಚೆ ಮಾತ್ರ ಸೀರೆನ ಕಿಟಕಿ ಬೆಳಕಿಗೆ ಹಿಡಿದು ನೋಡಿ, ವರ್ಷಗಟ್ಟಲೆ ಒಂದೇ ಮಡಿಕೆಲಿ ಇದ್ದ ರೇಷ್ಮೆ ಆ ಗೆರೆ ಉದ್ದಕ್ಕೂ ಸೀಳಿರಬಹುದು. ಅಂಥ ಜಾಗ ಸೊಂಟಕ್ಕೆ ಬರಬಾರದು, ಎಳೆತ ಅಲ್ಲೇ ಜಾಸ್ತಿ. ಒಳಗೆ ಮಲ್ ಬಟ್ಟೆ (ತೆಳು ಕಾಟನ್) ಲೈನಿಂಗ್ ಕೊಡಿ, ಅದನ್ನ ಮೊದಲು ಒಂದ್ಸಲ ಒಗೆದು ಒಣಗಿಸಿ ಆಮೇಲೆ ಹೊಲಿರಿ.

ಮಲ್ಲೇಶ್ವರದಿಂದ:
ನಾನು ಟೈಲರ್‌ಗೆ ಕೊಟ್ಟವಳು, ಬೇಜಾರಿಲ್ಲ. ಬ್ಲೌಸ್ ಮಾತ್ರ ಕೊಟ್ಟೆ, ಲಂಗ ನಾನೇ ಹೊಲಿದೆ. ಮಾತು ಕೊಟ್ಟಿದೀನಿ ಅಂತ ಪೂರ್ತಿ ಹೊತ್ಕೋಬೇಕು ಅಂತೇನಿಲ್ಲ ಅಕ್ಕಾ. ಆದ್ರೆ ಕೊಡೋದಾದ್ರೆ ಈ ವಾರಾನೇ ಕೊಡಿ, ಮದುವೆ ಸೀಸನ್ ಅಂದ್ರೆ ಅವ್ರ ಹತ್ರಾನೂ ರಾಶಿ ಬಿದ್ದಿರತ್ತೆ. ಮಗುಗೆ ಸರಿಯಾಗಿ ಕೂರೋ ಹಳೇ ಬ್ಲೌಸ್ ಒಂದು ಅಳತೆಗೆ ಕೊಡಿ, ಮಾರ್ಜಿನ್ ಕತ್ತರಿಸಬೇಡಿ ಅಂತ ಬಾಯಿಬಿಟ್ಟು ಹೇಳಿ.

ಯಶವಂತಪುರದಿಂದ:
ನಾನು ಟೈಲರಿಂಗ್ ಮಾಡೋನೇ ಮೇಡಂ. ತೋಳು ಅದಲುಬದಲು ಆಗೋದು ನಮಗೂ ಆಗತ್ತೆ, ಹೊಸಬರಿಗೆ ಮಾತ್ರ ಅಲ್ಲ. ತೋಳಿನ ಮುಂದಿನ ಶೇಪು ಹಿಂದಿಂದಕ್ಕಿಂತ ಜಾಸ್ತಿ ಒಳಗೆ ಹೋಗಿರತ್ತೆ, ಕಟ್ ಮಾಡಿದ ತಕ್ಷಣ ಆ ಕಡೆ ಚಾಕಲ್ಲಿ ಗುರುತು ಹಾಕಿ. ಮಷಿನ್‌ಗೆ ಹೊಸ 11 ನಂಬರ್ ಸೂಜಿ ಹಾಕಿ, ಮೊಂಡಾಗಿದ್ರೆ ರೇಷ್ಮೆ ಎಳೆ ಎಳೀತದೆ. ಕ್ರೇಪ್ ಜಾರತ್ತೆ, ಕೆಳಗೆ ತೆಳು ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೀರಿ. ಜರಿ ಮೇಲೆ ಇಸ್ತ್ರಿ ನೇರವಾಗಿ ಬೇಡ, ಮೇಲೆ ಕಾಟನ್ ಬಟ್ಟೆ ಇಟ್ಟು ಕಮ್ಮಿ ಬಿಸಿಲಿ. ಪೈಪಿಂಗ್, ಲೈನಿಂಗ್ ತರಕ್ಕೆ ಚಿಕ್ಕಪೇಟೆ ಮೆಟ್ರೋಲಿ ಇಳಿದು ಅವೆನ್ಯೂ ರೋಡ್ ಕಡೆ ರಾಜಾ ಮಾರ್ಕೆಟ್‌ಗೆ ಹೋಗಿ, ಸೀರೆ ತುಂಡು ಜೊತೆ ಇಟ್ಕೊಂಡು ಹೋಗಿ ಬಣ್ಣ ಹೊಂದಿಸಿ, ಫೋಟೋ ನೋಡಿ ತಗೋಬೇಡಿ.

ವಿಜಯನಗರದಿಂದ:
ಪ್ಲೇನ್ ಒಡಲಲ್ಲೇ ಕಟ್ ಮಾಡಿದ್ದೆ, ಬಾರ್ಡರ್ ಆಮೇಲೆ ಹಾಕೋಣ ಅಂತಿದ್ದೆ. ಈಗ ಒಂದನ್ನ ಮಗುಚಿ ಇಟ್ಟು ಟ್ಯೂಬ್‌ಲೈಟ್ ಕೆಳಗೆ ನೋಡಿದೆ, ವ್ಯತ್ಯಾಸ ಕಾಣ್ತಿಲ್ಲ. ಕತ್ತರಿ ಬೀರುಗೆ ಹೋಯ್ತು. ನಾಳೆ ಬ್ಲೌಸ್ ಕಚ್ಚಾ ಹಾಕಕ್ಕೆ ಅಪ್ಪನ ಹತ್ರ ತಗೊಂಡು ಹೋಗ್ತೀನಿ, ಲಂಗಕ್ಕೆ ಭಾನುವಾರ ಕೂರ್ತೀನಿ.