ಹಳೆಯ ಮಾರ್ಕ್ ದಾಖಲೆಗಳಲ್ಲಿ ಕೆಟ್ಟು ಕಾಣುವ ಚಿಹ್ನೆಗಳು: ಆನ್ಸೆಲ್‌ನಿಂದ ಯೂನಿಕೋಡ್‌ಗೆ ಹೋಗುವುದು ಹೇಗೆ?

ಪ್ರಶ್ನೆ:
ನಮ್ಮ ಕಾಲೇಜಿನ ಗ್ರಂಥಾಲಯದ ಸೂಚಿಯನ್ನು ಕೊಹಾ ತಂತ್ರಾಂಶಕ್ಕೆ ವರ್ಗಾಯಿಸುತ್ತಿದ್ದೇವೆ. ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಹಿಂದೆ ಪಡೆದ ಕನ್ನಡ ಪುಸ್ತಕಗಳ ಮಾರ್ಕ್ (ಸೂಚಿಯ ವಿವರಗಳನ್ನು ಕಂಪ್ಯೂಟರ್ ಓದುವಂತೆ ಬರೆಯುವ ನಮೂನೆ) ದಾಖಲೆಗಳಲ್ಲಿ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿದ್ದು, ದೀರ್ಘಸ್ವರಕ್ಕೆ ಮೇಲೊಂದು ಗೆರೆಯೂ ಟ, ಡ, ಣ, ಳಗಳಿಗೆ ಕೆಳಗೊಂದು ಚುಕ್ಕೆಯೂ ಇರಬೇಕು. ಕಡತವನ್ನು ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಸಂಕೇತ) ಎಂದು ತೆರೆದರೆ ಗೆರೆಯ ಬದಲು ಉಂಗುರ ಹೊತ್ತ ‘ಎ’ ಅಕ್ಷರ, ಚುಕ್ಕೆಯ ಬದಲು ತಲೆಯ ಮೇಲೆ ಓರೆಗೆರೆಯಿರುವ ‘ಓ’ ಅಕ್ಷರ ಕಾಣಿಸುತ್ತವೆ. ಯುಟಿಎಫ್-8 (ಯೂನಿಕೋಡ್ ಅನ್ನು ಬೈಟ್‌ಗಳಲ್ಲಿ ಬರೆಯುವ ರೀತಿ) ಎಂದು ತೆರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹುಡುಕಿ ಬದಲಿಸುವ ಆದೇಶದಿಂದ ಇದನ್ನು ಸರಿಪಡಿಸಬಹುದೇ?

ಉತ್ತರ 1:
ನಿಮ್ಮ ದಾಖಲೆಗಳು ಮಾರ್ಕ್-8 ಎಂಬ ಹಳೆಯ ಅಕ್ಷರಸಂಕೇತದಲ್ಲಿವೆ. ಅದರ ವಿಸ್ತೃತ ಲ್ಯಾಟಿನ್ ಭಾಗವೇ ಆನ್ಸೆಲ್. 1985ರಲ್ಲಿ ಅಮೆರಿಕದ ಮಾನಕವಾಗಿ ಬಂದು 2013ರಲ್ಲಿ ಹಿಂತೆಗೆದುಕೊಳ್ಳಲ್ಪಟ್ಟಿತು. ಅದರಲ್ಲಿ 229 ಎಂಬ ಬೈಟ್ ಮೇಲ್ಗೆರೆ, 242 ಕೆಳಚುಕ್ಕೆ. ಲ್ಯಾಟಿನ್-1ರಲ್ಲಿ ಇದೇ ಸಂಖ್ಯೆಗಳು ನೀವು ಕಂಡ ಆ ಎರಡು ಅಕ್ಷರಗಳಾಗಿರುವುದರಿಂದಲೇ ಈ ಅವಾಂತರ.

ಬರೀ ಬದಲಿಸುವುದರಿಂದ ಕೆಲಸವಾಗದು, ಏಕೆಂದರೆ ಆನ್ಸೆಲ್‌ನಲ್ಲಿ ಚಿಹ್ನೆ ಮೊದಲು ಬಂದು ಅಕ್ಷರ ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರ ಮೊದಲು, ಚಿಹ್ನೆ ಆಮೇಲೆ. ಕ್ರಮವನ್ನು ತಿರುಗಿಸದಿದ್ದರೆ ಗೆರೆ ಹಿಂದಿನ ವ್ಯಂಜನದ ತಲೆಯ ಮೇಲೆ ಕೂರುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳಿರುವ ಕಡತವನ್ನಂತೂ ದಯವಿಟ್ಟು ಉಳಿಸಬೇಡಿ. ಉಳಿಸಿದರೆ ಗೆರೆ ಯಾವುದು, ಚುಕ್ಕೆ ಯಾವುದು ಎಂಬುದು ಅಳಿಸಿಹೋಗಿ, ‘ಬೆಳೆ’ ಮತ್ತು ‘ಬೇಳೆ’ಯನ್ನು ಬೇರ್ಪಡಿಸುವ ಆಧಾರವೇ ಸಂಶಯಕ್ಕೆ ಬೀಳುತ್ತದೆ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ಪರಿವರ್ತನೆಗೆ ಮಾರ್ಕ್‌ಎಡಿಟ್ ಅಥವಾ ಯಾಜ್‌ನ ಮಾರ್ಕ್‌ಡಂಪ್ ಎಂಬ ತಂತ್ರಾಂಶ ಸಾಕು. ಸಾಮಾನ್ಯ ಪಠ್ಯ ಸಂಪಾದಕದಲ್ಲಿ ಮಾತ್ರ ಮಾಡಬೇಡಿ: ದಾಖಲೆಯ ಉದ್ದವೂ ಪ್ರತಿ ಕ್ಷೇತ್ರದ ಸ್ಥಾನವೂ ಬೈಟ್‌ಗಳ ಲೆಕ್ಕದಲ್ಲಿ ದಾಖಲೆಯ ಆರಂಭದಲ್ಲೇ ಬರೆದಿರುತ್ತವೆ, ಮತ್ತು ಆನ್ಸೆಲ್‌ನ ಒಂದು ಬೈಟಿನ ಚಿಹ್ನೆ ಯುಟಿಎಫ್-8ರಲ್ಲಿ ಎರಡಾಗುವುದರಿಂದ ಆ ಲೆಕ್ಕವೆಲ್ಲ ತಪ್ಪುತ್ತದೆ. ಲೀಡರ್‌ನ (ದಾಖಲೆಯ ಮೊದಲ ಭಾಗ) 09ನೆಯ ಸ್ಥಾನ ಖಾಲಿಯಿದ್ದರೆ ಮಾರ್ಕ್-8, ‘ಎ’ ಇದ್ದರೆ ಯೂನಿಕೋಡ್ ಎಂದು ತಿಳಿಯಿರಿ.

ಉತ್ತರ 3:
ಲೀಡರನ್ನು ಅಷ್ಟು ನಂಬುವುದು ನನಗೆ ಒಪ್ಪಿಗೆಯಿಲ್ಲ. ಹಲವು ಕೈ ದಾಟಿ ಬಂದ ಕಡತಗಳಲ್ಲಿ ಯಾರೋ ಆ ಸ್ಥಾನವನ್ನಷ್ಟೇ ತಿದ್ದಿ, ಒಳಗಿನ ಬೈಟ್‌ಗಳನ್ನು ಹಾಗೆಯೇ ಬಿಟ್ಟಿರುವುದುಂಟು. ಶೀರ್ಷಿಕೆಯಲ್ಲಿ ‘ಕೃಷ್ಣ’ ಎಂದಿರುವ ಒಂದು ದಾಖಲೆಯನ್ನು ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಸಂಪಾದಕದಲ್ಲಿ ತೆರೆದು ನೋಡಿ. ಕೆಳಗಿನ ಉಂಗುರ ಹಾಗೂ ಚುಕ್ಕೆಗಳ ಬೈಟ್‌ಗಳು ಅಕ್ಷರಕ್ಕಿಂತ ಮುಂಚೆ ಇದ್ದರೆ, ಲೀಡರ್ ಏನೇ ಹೇಳಲಿ, ಅದು ಆನ್ಸೆಲ್. ಪರಿವರ್ತನೆಯಾದ ಮೇಲೆ ಅಕ್ಷರ ಮತ್ತು ಚಿಹ್ನೆಯನ್ನು ಎನ್‌ಎಫ್‌ಸಿ ರೂಪಕ್ಕೆ (ಸಾಧ್ಯವಾದಲ್ಲೆಲ್ಲ ಎರಡೂ ಸೇರಿ ಒಂದೇ ಸಂಕೇತವಾಗುವ ಯೂನಿಕೋಡ್ ರೂಪ) ಒಗ್ಗೂಡಿಸಿ, ಇಲ್ಲವಾದರೆ ಹುಡುಕಾಟದಲ್ಲಿ ತೊಡಕಾಗಬಹುದು.

ಪ್ರಶ್ನಿಸಿದವರು:
ಧನ್ಯವಾದಗಳು. ಈ ದಾಖಲೆಗಳಲ್ಲಿ ಕನ್ನಡ ಲಿಪಿಯೇ ಇಲ್ಲದಿರುವುದೇಕೆ? ಈಗ ಸೇರಿಸಬಹುದೇ?

ಉತ್ತರ 2:
ಮಾರ್ಕ್-8ರಲ್ಲಿ ಅರೇಬಿಕ್, ಹೀಬ್ರೂ, ಗ್ರೀಕ್, ಸಿರಿಲಿಕ್ ಮತ್ತು ಪೂರ್ವ ಏಷ್ಯಾದ ಲಿಪಿಗಳಿಗೆ ಜಾಗವಿತ್ತು, ಭಾರತದ ಒಂದು ಲಿಪಿಗೂ ಇರಲಿಲ್ಲ. ಈಗ 880 ಕ್ಷೇತ್ರದಲ್ಲಿ (ಅದೇ ವಿವರವನ್ನು ಬೇರೆ ಲಿಪಿಯಲ್ಲಿ ಬರೆಯುವ ಜಾಗ) ಸೇರಿಸಬಹುದು. ಚಿಹ್ನೆಗಳು ಸರಿಯಾಗಿ ಉಳಿದಿದ್ದರೆ ರೋಮನ್‌ನಿಂದ ಕನ್ನಡಕ್ಕೆ ಬಹುಪಾಲು ಯಾಂತ್ರಿಕವಾಗಿಯೇ ತರಬಹುದಾದರೂ, ಇಂಗ್ಲಿಷ್ ಪದಗಳು ಬೆರೆತ ಶೀರ್ಷಿಕೆಗಳನ್ನು ಪುಸ್ತಕದ ಮುಖಪುಟದೊಂದಿಗೆ ಹೋಲಿಸಿ ನೋಡಲೇಬೇಕು.