‘ಅಂಕಲ್’ ಆದಮೇಲೆ ಕಾಮಾ ಹಾಕಲೇಬೇಕಾ?

ಬೆಣ್ಣೆನಗರಿ ಅಮ್ಮ:
ನಮಸ್ಕಾರ. ನಾನು ದಾವಣಗೆರೆಯವಳು, ಓದಿದ್ದು ಕನ್ನಡ ಮೀಡಿಯಂ. ಮಗಳು ಒಂಬತ್ತನೇ ಕ್ಲಾಸು. ಇಂಗ್ಲಿಷ್ ಟೆಸ್ಟಿನಲ್ಲಿ ಹೀಗೆ ಬರೆದಿದ್ದಾಳೆ: ‘ಮೈ ಫಾದರ್ ಡ್ರೈವ್ಸ್ ಆ್ಯನ್ ಆಟೋ, ಅಂಡ್ ಮೈ ಅಂಕಲ್ ಎ ಲಾರಿ.’ ‘ಅಂಕಲ್’ ಆದಮೇಲೆ ಕೆಂಪು ಪೆನ್ನಲ್ಲಿ ಕಾಮಾ ಹಾಕಿ ಅರ್ಧ ಮಾರ್ಕ್ಸ್ ಕಟ್ ಮಾಡಿದ್ದಾರೆ. ನನಗೆ ಎರಡನೇ ‘ಡ್ರೈವ್ಸ್’ ಬಿಟ್ಟಿದ್ದೇ ತಪ್ಪು ಅನ್ನಿಸಿತು. ಕ್ರಿಯಾಪದ ಇಲ್ಲದೆ ವಾಕ್ಯ ಹೇಗೆ ಮುಗಿಯುತ್ತದೆ? ರಾತ್ರಿಯೆಲ್ಲ ಆ ಪೇಪರ್ ಹಿಡಿದುಕೊಂಡೇ ಕೂತಿದ್ದಳು. ಮಾರ್ಕ್ಸ್ ಹೋದರೆ ಹೋಗಲಿ, ಯಾಕೆ ಅಂತ ಅವಳಿಗೆ ಹೇಳಬೇಕು.

ಕೋಟೆ ಮೇಷ್ಟ್ರು, ಚಿತ್ರದುರ್ಗ:
ಮಗಳು ಬರೆದಿದ್ದು ಸರಿ ಇದೆ ಮೇಡಂ. ಒಂದೇ ಕ್ರಿಯಾಪದ ಮತ್ತೆ ಬಂದರೆ ಬಿಡಬಹುದು, ಇದಕ್ಕೆ ‘ಗ್ಯಾಪಿಂಗ್’ ಅಂತಾರೆ. ನಾವೂ ಬಿಡುತ್ತೇವೆ, ಆದರೆ ಉಲ್ಟಾ. ‘ಅಪ್ಪ ಆಟೋ, ಚಿಕ್ಕಪ್ಪ ಲಾರಿ ಓಡಿಸ್ತಾರೆ’ ಅಂತೀವಿ ಅಲ್ವಾ? ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೆ ಮೊದಲ ಭಾಗದಲ್ಲಿ ಬಿಡುತ್ತೇವೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಕರ್ತೃ ಆದಮೇಲೆಯೇ ಬರುತ್ತದೆ, ಹಾಗಾಗಿ ಎರಡನೇ ಭಾಗದಲ್ಲಿ ಬಿಡುತ್ತಾರೆ. ಜಾನ್ ರಾಬರ್ಟ್ ರಾಸ್ ಎಂಬ ಭಾಷಾಶಾಸ್ತ್ರಜ್ಞರು 1970ರಲ್ಲಿ ಇದರ ಮೇಲೆಯೇ ಒಂದು ಲೇಖನ ಬರೆದರು.

ಈಗ ಕಾಮಾ. ‘ಅಂಡ್’ಗೆ ಮೊದಲು ಬರುವುದು ಎರಡು ವಾಕ್ಯ ಜೋಡಿಸಿದ್ದಕ್ಕೆ. ‘ಅಂಕಲ್’ ಆದಮೇಲೆ ಬರುವುದು ಬಿಟ್ಟ ಕ್ರಿಯಾಪದದ ಜಾಗ ತೋರಿಸೋಕೆ. ಅರ್ಥ ಸ್ಪಷ್ಟ ಇದ್ದರೆ ಈ ಎರಡನೆಯದು ಬೇಕಿಲ್ಲ. ಇಲ್ಲಂತೂ ಅದು ತೊಡಕೇ. ‘ಮೈ ಅಂಕಲ್, ಎ ಲಾರಿ’ ಅಂತ ಓದಿದವರು ಮುಂದೆ ‘ಡ್ರೈವರ್’ ಬರುತ್ತದೆ ಅಂದುಕೊಳ್ಳುತ್ತಾರೆ. ನಾನಾಗಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ.

ಮಂಡಕ್ಕಿ ಮೆಣಸಿನಕಾಯಿ:
ಮೇಷ್ಟ್ರೇ, ಹಾಗಾದರೆ ಅದನ್ನು ಯಾವಾಗ ಹಾಕಬೇಕು?

ಕೋಟೆ ಮೇಷ್ಟ್ರು:
ಸಾಲಾಗಿ ಬಂದಾಗ. ‘ದಾವಣಗೆರೆ ಈಸ್ ಫೇಮಸ್ ಫಾರ್ ಬೆಣ್ಣೆ ದೋಸೆ; ಚಿತ್ರದುರ್ಗ, ಫಾರ್ ಇಟ್ಸ್ ಫೋರ್ಟ್; ಮೈಸೂರು, ಫಾರ್ ಸಿಲ್ಕ್.’ ಒಳಗೆ ಕಾಮಾ ಇದೆ, ಅದಕ್ಕೇ ನಡುವೆ ಸೆಮಿಕೋಲನ್. ಕಾಲ ಬದಲಾದರೆ ಮಾತ್ರ ಕ್ರಿಯಾಪದ ಬಿಡಬೇಡಿ. ಅಪ್ಪ ನಿನ್ನೆ ಹೋದರು, ಅಮ್ಮ ನಾಳೆ ಹೋಗ್ತಾರೆ. ಇಲ್ಲಿ ಎರಡನ್ನೂ ಬರೆಯಬೇಕು.

ಬೆಣ್ಣೆನಗರಿ ಅಮ್ಮ:
ತುಂಬಾ ಥ್ಯಾಂಕ್ಸ್ ಸರ್. ‘ಅಪ್ಪ ಆಟೋ, ಚಿಕ್ಕಪ್ಪ ಲಾರಿ’ ಅಂದ ತಕ್ಷಣ ಮಗಳಿಗೆ ಅರ್ಥ ಆಯ್ತು. ಪೇಪರಿನ ಹಿಂದೆ ಅವಳೇ ಇನ್ನೊಂದು ಬರೆದಿದ್ದಾಳೆ: ‘ಅಮ್ಮ ಮೇಕ್ಸ್ ಟೀ, ಅಂಡ್ ಅಜ್ಜಿ ಕಾಫಿ.’ ‘ಅಜ್ಜಿ’ ಆದಮೇಲೆ ಕಾಮಾ ಇಲ್ಲ. ಸರಿ ಇದೆಯಾ ಸರ್?