ತ್ರೀಫೇಸ್ ಕರೆಂಟ್ ಬಂದಾಗ ರೇಡಿಯೊ ಯಾರು ಕೇಳಬೇಕು?

ವಾಟ್ಸಾಪ್ ಗುಂಪು: ಇಂಡಿ ಮನೆಯವರು

ನಾನು: ಎಲ್ಲರಿಗೂ ನಮಸ್ಕಾರ. ಸಾರ್ವಜನಿಕ ರೇಡಿಯೊಗಳ ಪಾಡ್‌ಕಾಸ್ಟ್, ಅಂದರೆ ಬೇಕಾದಾಗ ಕೇಳುವ ಕಾರ್ಯಕ್ರಮಗಳ, ಪಟ್ಟಿ ಹಾಕಿದ್ದೇನೆ. ನಾನು ಕೇಳಿ ಮೆಚ್ಚಿದ್ದು ಮಾತ್ರ. ಬ್ರಿಟನ್ನಿನ ಬಿಬಿಸಿಯ ವಿಟ್ನೆಸ್ ಹಿಸ್ಟರಿ, ಇನ್ ಅವರ್ ಟೈಮ್. ಅಮೆರಿಕದ ಎನ್‌ಪಿಆರ್‌ನ ಪ್ಲಾನೆಟ್ ಮನಿ. ಕೆನಡಾದ ಸಿಬಿಸಿಯ ಐಡಿಯಾಸ್. ಎಲ್ಲಾ ಫ್ರೀ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡರೆ ಹೊಲದಲ್ಲಿ ನೆಟ್ ಬೇಕಿಲ್ಲ.

ಕಾಕಾ: ತಮ್ಮಾ, ಎಲ್ಲಾ ಇಂಗ್ಲಿಷೇ ಇದೆಯಲ್ಲ. ನಮಗೆ ಆಕಾಶವಾಣಿ ಧಾರವಾಡ ಕೇಂದ್ರ ಇದೆ. 1950ರಿಂದ ನಮ್ಮ ಮಾತಿನಲ್ಲೇ ಮಾತಾಡುತ್ತಿದೆ. ಅದನ್ನು ಬಿಟ್ಟು ಲಂಡನ್ ಯಾಕೆ?

ಅಕ್ಕ: ಕಾಕಾ, ಇಲ್ಲಿ ಬಾಗಲಕೋಟೆಯಲ್ಲಿ ನನ್ನ ಮಗಳು ಬಿಬಿಸಿಯ 6 ಮಿನಿಟ್ ಇಂಗ್ಲಿಷ್ ದಿನಾ ಕೇಳುತ್ತಾಳೆ. ಇಬ್ಬರು ಕೂತು ಒಂದು ವಿಷಯ ಮಾತಾಡುತ್ತಾರೆ, ಹೊಸ ಪದ ಬಿಡಿಸಿ ಹೇಳುತ್ತಾರೆ. ಈಗ ಕಾಲೇಜಿನಲ್ಲಿ ಬಾಯಿಬಿಟ್ಟು ಮಾತಾಡುತ್ತಾಳೆ.

ಕಾಕಾ: ಕಲಿಯಲಿ, ಬೇಡ ಅಂದೆನಾ? ಆದರೆ 2017ರಲ್ಲಿ ಬಿಬಿಸಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಶುರು ಮಾಡಿತು. ಕನ್ನಡ ಮಾಡಲಿಲ್ಲ. ನಮ್ಮನ್ನು ಲೆಕ್ಕಕ್ಕೇ ಹಿಡಿಯದವರ ಹಿಂದೆ ಯಾಕೆ ಹೋಗಬೇಕು? ಮೇಲಾಗಿ ಅದು ಅವರ ಸರ್ಕಾರದ ರೇಡಿಯೊ.

ಅತ್ತಿ: ಹಾಗನ್ನಬೇಡ. 1984ರ ಅಕ್ಟೋಬರ್ 31 ಮರೆತೆಯಾ? ಇಂದಿರಾ ಗಾಂಧಿ ಹೋದ ಸುದ್ದಿಯನ್ನು ಆಕಾಶವಾಣಿ ಸಂಜೆ ತನಕ ಹೇಳಲಿಲ್ಲ. ಅಪ್ಪ ಬಿಬಿಸಿ ಹಚ್ಚಿ ಮೊದಲೇ ತಿಳಿದುಕೊಂಡಿದ್ದರು. ಕಟ್ಟೆ ತುಂಬಾ ಜನ. ನೀನೂ ಅಲ್ಲೇ ಕೂತಿದ್ದೆ.

ಕಾಕಾ: ನೆನಪಿದೆ ಅಕ್ಕಾ.

ನಾನು: ಕಾಕಾ, ಬಿಬಿಸಿ ಜಾಸ್ತಿ ನಡೆಯುವುದು ಅಲ್ಲಿನ ಮನೆಯವರು ಕಟ್ಟುವ ಲೈಸೆನ್ಸ್ ಹಣದಿಂದ. ಅಜ್ಜ ಪೋಸ್ಟಾಫೀಸಿಗೆ ಹೋಗಿ ರೇಡಿಯೊ ಲೈಸೆನ್ಸ್ ಕಟ್ಟುತ್ತಿದ್ದರಲ್ಲ, ಹಾಗೆ. ಬೇರೆ ದೇಶಗಳಿಗೆ ಪ್ರಸಾರ ಮಾಡುವ ಅವರ ವರ್ಲ್ಡ್ ಸರ್ವಿಸ್‌ಗೆ ಸರ್ಕಾರದ ದುಡ್ಡೂ ಬರುತ್ತದೆ, ಅದು ನಿಜ. ಅಮೆರಿಕದಲ್ಲಿ ಊರೂರಿನ ಕೇಂದ್ರಗಳಿಗೆ ಕೇಳುವವರೇ ದೇಣಿಗೆ ಕೊಡುತ್ತಾರೆ. 2025ರಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ತೆಗೆದುಕೊಂಡಿತು. ಅಂಥ ಹೊತ್ತಿನಲ್ಲಿ ಕೇಳುವವರ ದುಡ್ಡೇ ಆಸರೆ.

ಲಂಡನ್ ದೊಡ್ಡದು ಅಂತ ಕಳಿಸಿಲ್ಲ. ಅವರು ಮಾಡುವ ಕೆಲಸ ನೋಡಿ. ಪ್ಲಾನೆಟ್ ಮನಿಯವರು 2013ರಲ್ಲಿ ಒಂದು ಟೀ ಶರ್ಟ್ ಮಾಡಿಸಿದರು. ಅದರ ಬೆನ್ನು ಹತ್ತಿ ಮಿಸಿಸಿಪ್ಪಿಯ ಹತ್ತಿ ಹೊಲಕ್ಕೆ ಹೋದರು. ಇಂಡೋನೇಷ್ಯಾದಲ್ಲಿ ನೂಲಾಗುವುದನ್ನು ನೋಡಿದರು. ಬಾಂಗ್ಲಾದೇಶದಲ್ಲಿ ಹೊಲಿಯುವ ಹೆಣ್ಣುಮಕ್ಕಳನ್ನೇ ಮಾತಾಡಿಸಿದರು. ಮಿಸಿಸಿಪ್ಪಿಯ ರೈತ ಹತ್ತಿ ಬಿಡಿಸುವುದು ಯಂತ್ರದಿಂದ. ಅದನ್ನು ಕೇಳುವಾಗ ನೀವೇ ನೆನಪಾದಿರಿ. ಆಳು ಸಿಗದೆ ಹತ್ತಿ ಬಿಟ್ಟು ಲಿಂಬೆ ಹಾಕಿದಿರಲ್ವಾ?

ಕಾಕಾ: ಅದನ್ನು ಕೇಳಬೇಕು ಅನಿಸುತ್ತದೆ. ಆದರೆ ನಮ್ಮ ಹತ್ತಿಯ ಬೆನ್ನು ಹತ್ತಿ ಹೀಗೆ ಕನ್ನಡದಲ್ಲಿ ಯಾಕೆ ಮಾಡಬಾರದು?

ನಾನು: ನಾನೂ ಅದನ್ನೇ ಹೇಳುತ್ತಿದ್ದೇನೆ. ಧಾರವಾಡ ಕೇಂದ್ರ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಲೈವ್ ಬರುತ್ತದೆ. ಆದರೆ ಸಂಜೆ ರೈತರ ಕಾರ್ಯಕ್ರಮದ ಹೊತ್ತಿಗೇ ತ್ರೀಫೇಸ್ ಬಂದರೆ ನೀವು ಮೋಟರ್ ಹತ್ತಿರ ಇರುತ್ತೀರಿ. ಆ ದಿನದ ಮಾತು ತಪ್ಪಿತು. ಪಾಡ್‌ಕಾಸ್ಟ್ ಆದರೆ ನೀವು ನೀರು ಹಾಯಿಸಿ ಬರುವ ತನಕ ಕಾಯುತ್ತದೆ. ಆಕಾಶವಾಣಿಯ ಒಂದೊಂದು ಕನ್ನಡ ಕಾರ್ಯಕ್ರಮವೂ ಹೀಗೆ ಯಾವಾಗ ಬೇಕಾದರೂ ಸಿಗಬೇಕು. ಅಜ್ಜ ಕಾರ್ಡು ಬರೆದು ಹಾಡು ಕೇಳುತ್ತಿದ್ದರು. ನಾವೂ ಬರೆದು ಕೇಳೋಣ.

ಅಕ್ಕ: ಪತ್ರ ಬರೆದು ಸುಮ್ನೆ ಕೂರಬೇಕಾ? ಅಲ್ಲಿಯ ತನಕ ಆ ಹತ್ತಿ ಕಥೆಯನ್ನು ನೀನೇ ಕನ್ನಡದಲ್ಲಿ ಹೇಳಿ ವಾಯ್ಸ್ ಮೆಸೇಜ್ ಹಾಕು.

ನಾನು: ಹೇಳುತ್ತೇನೆ. ಆದರೆ ಆ ಹೊಲಿಗೆಯ ಹೆಣ್ಣುಮಗಳ ದನಿ ನನ್ನ ಬಾಯಲ್ಲಿ ಬರಲ್ಲ ಅಕ್ಕಾ. ರೇಡಿಯೊದಲ್ಲಿ ಇರುವುದೇ ಆ ದನಿ.

ಅತ್ತಿ: ದನಿ ಬರದಿದ್ದರೂ ಕಥೆ ಬರಲಿ. ನನಗೂ ಕೇಳಬೇಕು.

ಕಾಕಾ: ಈಗಲೇ ಕಳಿಸು. ಕರೆಂಟ್ ಬಂತು, ತೋಟಕ್ಕೆ ಹೊರಟೆ. ರಾತ್ರಿ ಬಂದು ಕೇಳುತ್ತೇನೆ. ಧಾರವಾಡಕ್ಕೆ ಬರೆಯುವ ಪತ್ರಕ್ಕೆ ನನ್ನ ಹೆಸರೂ ಹಾಕು.